ಕೊನೆಯ ಹಾಳೆ ಕತ್ತರಿಸಿದವರು ಯಾರು?

ಲಿಫ್ಟಣ್ಣ ಮೆಟ್ಟಿಲಿಳಿದು ಓಡಿಬಂದರೆಂದರೆ ಏನೋ ಅನಾಹುತವೇ ಆಗಿರಬೇಕು ಎಂದುಕೊಂಡರು ಡಾಕ್ಟರು. ತಾವೇ ಎಣ್ಣೆ ಹಾಕಿ ಸಾಕಿದ ಲಿಫ್ಟನ್ನು ಬಿಟ್ಟು ಆ ಮನುಷ್ಯ ಎಂದೂ ಮೆಟ್ಟಿಲು ತುಳಿದವರಲ್ಲ.

ಡಾಕ್ಟರು ಎಂದರೆ ದನ, ಕುದುರೆ, ನಾಯಿಗಳ ಡಾಕ್ಟರು, ಈಗ ನಿವೃತ್ತರು. ಬೆಳಗಿನ ಚಹಾಕ್ಕೆಂದು ಎದುರುಮನೆಯ ತಪಾಸಣೆಯಮ್ಮನಲ್ಲಿಗೆ ಬಂದು ಕೂತಿದ್ದರು. ಆಕೆ ವಿಮಾ ಕಂಪನಿಯಲ್ಲಿದ್ದಾಗ ಸುಟ್ಟ ಗೋದಾಮು, ನಜ್ಜುಗುಜ್ಜಾದ ಕಾರುಗಳನ್ನು ನೋಡಿ, ನಷ್ಟ ನಿಜವೋ ಕಟ್ಟುಕತೆಯೋ ಎಂದು ಹೇಳುತ್ತಿದ್ದವರು. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಕಟ್ಟಡದಲ್ಲಿ ಬೆಕ್ಕು ಕಾಣೆಯಾದರೂ ಜನ ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಅಂಥ ಪತ್ತೆಗಳಿಗೆಲ್ಲ ಡಾಕ್ಟರು ಬಾಲದಂತೆ ಹಿಂದೆ ಹೋಗುತ್ತಿದ್ದರು.

"ನನ್ನ ಕಾದಂಬರಿಯ ಕುತ್ತಿಗೆ ಕುಯ್ದಿದ್ದಾರೆ ಮೇಡಂ!" ಎನ್ನುತ್ತ ಲಿಫ್ಟಣ್ಣ ಒಂದು ಪುಸ್ತಕವನ್ನು ಮೇಜಿನ ಮೇಲಿಟ್ಟರು.

ಆ ಪುಸ್ತಕದ ಸುದ್ದಿ ಕಟ್ಟಡಕ್ಕೆಲ್ಲ ಗೊತ್ತಿತ್ತು. ಫೋಟೋ ಸ್ಟುಡಿಯೋದಲ್ಲಿ ಸಹಾಯಕ, ಹೋಟೆಲಿನಲ್ಲಿ ಅಡುಗೆಯವ, ಆಂಬುಲೆನ್ಸ್ ಡ್ರೈವರ್, ಕೊನೆಗೆ ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಮನುಷ್ಯ ಅರವತ್ತನಾಲ್ಕರಲ್ಲಿ ಪತ್ತೇದಾರಿ ಕಾದಂಬರಿ ಬರೆದಿದ್ದರು. ಪ್ರಕಾಶಕರು ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಕಾದು ಕಾದು ಬೇಸತ್ತು ತಾವೇ ಅಚ್ಚು ಹಾಕಿಸಿದ್ದರು. ಬಿಡುಗಡೆ ಮರುದಿನ ಸಂಜೆ.

"ಬೆಳಿಗ್ಗೆ ಒಂದು ಸಲ ಮುಟ್ಟಿ ನೋಡೋಣ ಅಂತ ಡಬ್ಬ ಬಿಚ್ಚಿದೆ. ಯಾವ ಪ್ರತೀಲೂ ಕೊನೇ ಹಾಳೆ ಇಲ್ಲ!"

ತಪಾಸಣೆಯಮ್ಮ ಪುಸ್ತಕ ತೆರೆದು ಡಾಕ್ಟರತ್ತ ಸರಿಸಿದರು. "ಏನು ಕಾಣುತ್ತೆ, ಡಾಕ್ಟ್ರೇ?"

"ಹಾಳೆ ಕತ್ತರಿಸಿದ್ದಾರೆ. ಪೂರ್ತಿ ಅಲ್ಲ, ಬುಡದಲ್ಲಿ ಬೆರಳಗಲದ ಪಟ್ಟಿ ಉಳಿದಿದೆ. ಗೆರೆ ಹೊಡೆದ ಹಾಗೆ ನೆಟ್ಟಗಿದೆ."

"ಎಲ್ಲದರಲ್ಲೂ ಹೀಗೇನಾ?"

"ಎಲ್ಲದರಲ್ಲೂ," ಎಂದರು ಲಿಫ್ಟಣ್ಣ. "ಇದು ನನ್ನ ಭಾವಮೈದನದೇ ಕೆಲಸ. ಕತೇಲಿ ಒಬ್ಬ ಲಾಡ್ಜ್ ಮಾಲೀಕ ಬರ್ತಾನೆ, ಕೊಲೆಯಾಗೋನು ಅವನೇ ಅಂತ ಬಾಯಿ ಜಾರಿ ಹೇಳ್ಬಿಟ್ಟೆ. ತಾನೂ ಲಾಡ್ಜ್ ನಡೆಸ್ತಾನಲ್ಲ! 'ಪುಸ್ತಕ ಬರ್ಲಿ, ಒಲೆಗೆ ಹಾಕ್ತೀನಿ' ಅಂತ ಹಾರಾಡಿದ."

"ಕೊಲೆಗಾರ ಯಾರು ಅನ್ನೋದನ್ನ ಯಾರಿಗಾದ್ರೂ ಹೇಳಿದ್ರಾ?"

"ದೇವರಾಣೆಗೂ ಇಲ್ಲ. ಮನೆಯವಳಿಗೂ ಹೇಳಿಲ್ಲ. ಬಿಡುಗಡೆಯಾದ ಮೇಲೆ ಓದ್ಲಿ ಅಂತ. ಮೊದಲು ಅಡುಗೆಯವನನ್ನ ಕೊಲೆಗಾರ ಮಾಡಿದ್ದೆ ಮೇಡಂ. ನಾನೂ ಒಲೆ ಮುಂದೆ ಬೆಂದವನಲ್ವಾ, ಮನಸ್ಸು ಒಪ್ಪಲಿಲ್ಲ. ಹೋದ ತಿಂಗಳು ಅದನ್ನ ಬದಲಾಯಿಸಿದೆ. ಯಾರನ್ನ ಮಾಡಿದೆ ಅಂತ ಮಾತ್ರ ಕೇಳ್ಬೇಡಿ."

ಮೂರನೆಯ ಮಹಡಿಯಲ್ಲಿ ಲಿಫ್ಟಣ್ಣನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಬಟ್ಟೆ ಕತ್ತರಿಸುವ ಅಗಲದ ಮೇಜು ಆವತ್ತು ಖಾಲಿಯಿತ್ತು. ಡಬ್ಬಗಳು ಗೋಡೆಯ ಪಕ್ಕ ಒಂದರ ಮೇಲೊಂದು ಕೂತಿದ್ದವು. ಕತ್ತರಿಸಿದ ಹಾಳೆಯ ಒಂದು ಚೂರೂ ಎಲ್ಲೂ ಕಾಣಲಿಲ್ಲ.

"ಇಷ್ಟು ವರ್ಷಕ್ಕೆ ಇವರ ಮುಖದಲ್ಲಿ ಇಂಥ ಕಳೆ ನೋಡಿದ್ದು ಇದೇ ಮೊದಲು," ಎಂದರು ಆಕೆ ಕಾಫಿ ಕೊಡುತ್ತ. "ಪುಸ್ತಕ ಚೆನ್ನಾಗಿದೆ ಮೇಡಂ. ಆದ್ರೂ ಆ ನರ್ಸಮ್ಮ ಅಷ್ಟು ಒಳ್ಳೆಯವಳಾಗಿ ಹಾಗೆ ಮಾಡಬಾರದಿತ್ತು, ಪಾಪ."

ಡಾಕ್ಟರು ಸಕ್ಕರೆ ಕಲಕುತ್ತಿದ್ದರು. ಮಾತು ಅವರ ಕಿವಿಯ ಮೇಲೆ ಹಾದುಹೋಯಿತು.

ಭಾವಮೈದ ಲಾಡ್ಜಿನ ಕೌಂಟರಿನಲ್ಲಿದ್ದ. "ಬೈದಿದ್ದು ನಿಜ. ಪುಸ್ತಕ ಮುಟ್ಟಿಲ್ಲ. ಸಿಟ್ಟು ಬಂದಿದ್ರೆ ಡಬ್ಬನೇ ಹೊತ್ತು ಕೆರೆಗೆ ಹಾಕ್ತಿದ್ದೆ, ಕೂತ್ಕೊಂಡು ಒಂದೊಂದೇ ಹಾಳೆ ಕತ್ತರಿಸೋಕೆ ನನಗೇನು ಬೇರೆ ಕೆಲಸ ಇಲ್ವಾ?" ಎಂದ.

ಅಲ್ಲಿಂದ ಅಚ್ಚುಮನೆಗೆ ಹೋದರು. ಮಾಲೀಕರು ಸುದ್ದಿ ಕೇಳಿ ಬೆಚ್ಚಿಬೀಳಲಿಲ್ಲ, ಅಯ್ಯೋ ಅನ್ನಲಿಲ್ಲ. ಕನ್ನಡಕ ಒರೆಸಿಕೊಳ್ಳುತ್ತ, "ಎಲ್ಲಾ ಸರಿಹೋಗುತ್ತೆ ಬಿಡಿ, ಬಿಡುಗಡೆಗೆ ಏನೂ ತೊಂದರೆ ಆಗಲ್ಲ," ಎಂದರು.

ರಸ್ತೆಗೆ ಬಂದ ಮೇಲೆ ಡಾಕ್ಟರು ಗೊಣಗಿದರು: "ನನಗಂತೂ ಬಾಲವೂ ಸಿಗಲಿಲ್ಲ, ಮೂತಿಯೂ ಸಿಗಲಿಲ್ಲ."

"ನನಗೆ ಪೂರ್ತಿ ಪ್ರಾಣಿಯೇ ಸಿಕ್ತು. ಪಾಪದ ಪ್ರಾಣಿ," ಎಂದು ನಕ್ಕರು ತಪಾಸಣೆಯಮ್ಮ.

ಸಂಜೆ ಎಲ್ಲರೂ ಲಿಫ್ಟಣ್ಣನ ಮನೆಯ ನಡುಕೋಣೆಯಲ್ಲಿ ಸೇರಿದರು. ಭಾವಮೈದ ಬಾಗಿಲ ಪಕ್ಕ ಮುಖ ಊದಿಸಿಕೊಂಡು ನಿಂತಿದ್ದ. ಅಚ್ಚುಮನೆಯ ಮಾಲೀಕರ ಕಂಕುಳಲ್ಲಿ ಒಂದು ಕಟ್ಟು ಇತ್ತು.

"ಪುಸ್ತಕ ಹಾಳುಮಾಡೋರು ಹರೀತಾರೆ, ಸುಡ್ತಾರೆ," ಎಂದು ತಪಾಸಣೆಯಮ್ಮ ಶುರುಮಾಡಿದರು. "ಇಲ್ಲಿ ಬೆರಳಗಲದ ಪಟ್ಟಿ ಬಿಟ್ಟು ಕತ್ತರಿಸಿದ್ದಾರೆ. ಆ ಪಟ್ಟಿ ಯಾಕೆ? ಇನ್ನೊಂದು ಹಾಳೆ ಅಂಟಿಸೋಕೆ. ಕತ್ತರಿಸುವಾಗಲೇ ಜೋಡಿಸೋಕೆ ಅಂಚು ಬಿಡೋ ಅಭ್ಯಾಸ ಯಾರಿಗಿರುತ್ತೆ? ಬಟ್ಟೆ ಹೊಲಿಯೋರಿಗೆ."

ಲಿಫ್ಟಣ್ಣ ತಿರುಗಿ ಹೆಂಡತಿಯನ್ನು ನೋಡಿದರು. ಆಕೆ ಸೆರಗಿನ ತುದಿ ನೋಡುತ್ತಿದ್ದರು.

"ಕೊಲೆಗಾರ ಯಾರು ಅಂತ ಇವರು ಯಾರಿಗೂ ಹೇಳಿರಲಿಲ್ಲ. ಆದ್ರೆ ನೀವು ಕಾಫಿ ಕೊಡುವಾಗ ನರ್ಸಮ್ಮನ ಬಗ್ಗೆ ಮರುಗಿದ್ರಿ. ಅಂದ್ರೆ ಡಬ್ಬ ಬಿಚ್ಚಿ ಓದಿದ್ರಿ. ಇನ್ನು ಅಚ್ಚುಮನೆಯವರು. ತಾವು ಮಾಡಿದ ಪುಸ್ತಕ ಹಾಳಾಯ್ತು ಅಂದ್ರೂ ಇವರಿಗೆ ಗಾಬರಿಯಾಗಲಿಲ್ಲ. ಯಾಕಂದ್ರೆ ಹೊಸ ಹಾಳೆ ಇವರೇ ಅಚ್ಚು ಹಾಕ್ತಿದ್ರು."

"ಆದ್ರೆ ಯಾಕೆ?" ಎಂದರು ಲಿಫ್ಟಣ್ಣ. "ನನ್ನ ಪುಸ್ತಕಕ್ಕೆ ನೀನೇ ಕತ್ತರಿ ಹಾಕಿದ್ಯಾ?"

"ಹೋದ ತಿಂಗಳು ಕೊಲೆಗಾರನನ್ನ ಬದಲಾಯಿಸಿದೆ ಅಂದ್ರಲ್ಲ, ಕಾದಂಬರಿ ಬರೆದಿಟ್ಟಿರೋ ಕಂಪ್ಯೂಟರ್ ತೆಗೆದು ಕೊನೇ ಪುಟ ಗಟ್ಟಿಯಾಗಿ ಓದಿ," ಎಂದರು ತಪಾಸಣೆಯಮ್ಮ.

ಲಿಫ್ಟಣ್ಣ ಓದತೊಡಗಿದರು: "ಪೊಲೀಸರು ಅಡುಗೆಯವನ ಕೈಗೆ ಬೇಡಿ ತೊಡಿಸಿ..." ಅಷ್ಟಕ್ಕೇ ನಿಂತರು.

ಎಲ್ಲ ಅಧ್ಯಾಯಗಳಲ್ಲೂ ಅಪರಾಧಿಯನ್ನು ಬದಲಾಯಿಸಿದ್ದವರು ಕೊನೆಯ ಹಾಳೆಯನ್ನು ಮರೆತಿದ್ದರು. ನರ್ಸು ತಪ್ಪೊಪ್ಪಿಕೊಂಡ ಮರುಗಳಿಗೆಯೇ ಪೊಲೀಸರು ಅಡುಗೆಯವನನ್ನು ಎಳೆದೊಯ್ಯುತ್ತಿದ್ದರು!

"ಹಾಗೇ ಬಿಡುಗಡೆ ಆಗಿದ್ರೆ ಸಭೆಯೆಲ್ಲ ನಗ್ತಿತ್ತು," ಎಂದರು ಹೆಂಡತಿ. "ಹೊಸ ಕೆಲಸ ಹಿಡಿದಾಗಲೆಲ್ಲ ನಿಮ್ಮನ್ನ ನೋಡಿ ಜನ ನಕ್ಕಿದ್ದು ಕಂಡಿದ್ದೀನಿ. ಈ ಸಲ ನಗೋದು ಬೇಡ ಅನ್ನಿಸ್ತು. ನಿಮಗೆ ಗೊತ್ತಾಗದ ಹಾಗೆ ಅಂಟಿಸಿಬಿಡೋಣ ಅಂತಿದ್ದೆ. ನೀವು ಮಗುವಿನ ಹಾಗೆ ಇವತ್ತೇ ಡಬ್ಬ ಬಿಚ್ತೀರಿ ಅಂತ ಯಾರಿಗೆ ಗೊತ್ತು?"

ಭಾವಮೈದ ಮೊದಲು ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು, ಲಿಫ್ಟಣ್ಣನೂ ಕಣ್ಣೊರೆಸಿಕೊಂಡು ನಕ್ಕರು.

ಅಚ್ಚುಮನೆಯ ಮಾಲೀಕರು ಕಟ್ಟು ಬಿಚ್ಚಿದರು. ಅಂಟು ಬಂತು. ಮೇಜಿನ ಸುತ್ತ ಕೂತು ಹಾಳೆ ಅಂಟಿಸತೊಡಗಿದರು. ದನಕ್ಕೆ ಹೊಲಿಗೆ ಹಾಕಿದ ಕೈ ತಮ್ಮದು ಎಂದು ಜಂಬ ಕೊಚ್ಚಿದ ಡಾಕ್ಟರು ಮೊದಲ ಹಾಳೆಯನ್ನೇ ತಲೆಕೆಳಗಾಗಿ ಅಂಟಿಸಿದರು.

ಲಿಫ್ಟಣ್ಣ ಮಾತ್ರ ಹೊಸ ಹಾಳೆ ಹಿಡಿದು ಓದುತ್ತ ಕೂತರು. ಹೆಂಡತಿ ಬರೀ ಪಾತ್ರವನ್ನು ಬದಲಾಯಿಸಿ ಸುಮ್ಮನಾಗಿರಲಿಲ್ಲ. ಬೇಡಿ ತೊಡಿಸುವ ಮುನ್ನ ನರ್ಸು ತನ್ನ ರೋಗಿಯ ಹೊದಿಕೆ ಸರಿಪಡಿಸಿ, ದೀಪ ಆರಿಸಿ, ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡು ಹೊರಬರುತ್ತಿದ್ದಳು.

"ಇದು ನನಗಿಂತ ಚೆನ್ನಾಗಿದೆ ಕಣೇ," ಎಂದರು ಮೆಲ್ಲಗೆ. "ನೀನೂ ಒಂದು ಬರಿ."

"ಸಾಕು ಸುಮ್ನಿರಿ. ಅರವತ್ತಾಯ್ತು ನನಗೆ."

"ನನಗಿಂತ ನಾಲ್ಕು ವರ್ಷ ಮುಂಚೇನೇ ಶುರುಮಾಡಿದ ಹಾಗಾಯ್ತು."

ಆಕೆ ಇನ್ನೊಂದು ಪುಸ್ತಕಕ್ಕೆ ಅಂಟು ಸವರಿದರು. ಹಾಳೆ ಕೂರಿಸಿದರು, ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ತಲೆಯೆತ್ತದೆ ಕೇಳಿದರು:

"ಮೇಡಂ, ಆ ನರ್ಸಮ್ಮ ಜೈಲಿಂದ ಹೊರಗೆ ಬಂದ ಮೇಲೆ ಎಲ್ಲಿಗೆ ಹೋಗಿರ್ತಾಳೆ ಅಂತೀರಿ?"