ಚಳಿಯ ದೇಶಕ್ಕೊಂದು ಕೋಟು

ಬೆಟ್ಟದ ದೇಶಕ್ಕೆ ಅವಳು ಕೊಟ್ಟಿದ್ದು ಹತ್ತಕ್ಕೆ ಎರಡೇ ಅಂಕ. ಆ ಎರಡನ್ನಾದರೂ ಯಾಕೆ ಕೊಟ್ಟಳೆಂದರೆ, ಸೊನ್ನೆ ಹಾಕಿದರೆ ಮಾಸ್ಟ್ರಿಗೆ ಅನುಮಾನ ಬರುತ್ತದಲ್ಲ!

“ಎರಡಾ?” ಮಾಸ್ಟ್ರು ಹೊಲಿಗೆ ಮೆಷಿನ್ ನಿಲ್ಲಿಸಿ ತಲೆಯೆತ್ತಿದರು. “ಏನ್ರೀ ಇದು, ಆಸ್ಪತ್ರೆ ಹತ್ತಿರ, ವೀಸಾ ಸುಲಭ, ಜನ ಒಳ್ಳೆಯವರು. ಬರೀ ಎರಡಾ?”

“ಊರು ತುಂಬ ಮೆಟ್ಟಿಲು,” ಎಂದಳು ಅವಳು, ಬೆರಳಿನ ಸೀಮೆಸುಣ್ಣ ಊದುತ್ತಾ. “ಅರವತ್ತರ ಮೊಣಕಾಲು ನಿಮ್ಮದು. ಜಾರಿ ಬಿದ್ರೆ ಎತ್ತೋರ್ಯಾರು?”

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಎತ್ತುವವರು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಮಾಸ್ಟ್ರು ನೋಡಿಟ್ಟ ಮನೆಯ ಓನರಮ್ಮ! ಮಾಸ್ಟ್ರು ಬೀಳುವುದನ್ನೇ ಕಾಯುತ್ತಾ ಕೂತಿರುತ್ತಾಳೆ.

“ಮತ್ತೆ ದ್ವೀಪದ ದೇಶಕ್ಕೆ ಒಂಬತ್ತು ಕೊಟ್ಟಿದ್ದೀರಲ್ಲ? ಅಲ್ಲಿ ಜನ ಬನಿಯನ್‌ನಲ್ಲಿ ಓಡಾಡ್ತಾರೆ ಕಣ್ರೀ!”

“ಓಡಾಡ್ಲಿ ಬಿಡಿ. ಆರೋಗ್ಯಕ್ಕೆ ಒಳ್ಳೇದು.”

ಮಾಸ್ಟ್ರು ಅವಳನ್ನೇ ಒಂದು ಗಳಿಗೆ ನೋಡಿದರು. ಮೀಸೆಯ ಕೆಳಗೆ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ. ಮತ್ತೆ ಮೆಷಿನ್ ಸದ್ದು ಶುರುವಾಯಿತು.

ಕೋಟು ಹೊಲಿಯುವ ಅಂಗಡಿ ಅದು. ಉದ್ದನೆಯ ಕೋಣೆ, ಒಂದು ತುದಿಗೆ ಅವಳ ಕಟಿಂಗ್ ಟೇಬಲ್, ಇನ್ನೊಂದು ತುದಿಗೆ ಅವರ ಮೆಷಿನ್, ನಡುವೆ ಆಳೆತ್ತರದ ಕನ್ನಡಿ. ಇಪ್ಪತ್ತೆರಡು ವರ್ಷದಿಂದ ಅಳತೆ ಮತ್ತು ಕಟಿಂಗ್ ಅವಳದು, ಹೊಲಿಗೆ ಅವರದು. ಅವಳ ಕತ್ತರಿಯನ್ನು ಅವರು ಮುಟ್ಟಿದವರಲ್ಲ, ಅವರ ಮೆಷಿನ್ನನ್ನು ಅವಳು ಮುಟ್ಟಿದವಳಲ್ಲ. ಗಿರಾಕಿ ಹೊಸಿಲು ದಾಟುವಷ್ಟರಲ್ಲಿ ಎದೆ ಇಷ್ಟು, ಹೊಟ್ಟೆ ಇಷ್ಟು ಎಂದು ಅವಳು ಕಣ್ಣಲ್ಲೇ ಅಳೆದುಬಿಟ್ಟಿರುತ್ತಿದ್ದಳು. ಆಮೇಲೆ ಟೇಪ್ ಹಿಡಿಯುವುದೆಲ್ಲ ಗಿರಾಕಿಯ ಸಮಾಧಾನಕ್ಕೆ. ಬೀದಿಗೆ ಬೀದಿಯೇ ಅವಳನ್ನು ಕತ್ತರಿ ಅಕ್ಕ ಎಂದು ಕರೆಯುತ್ತಿತ್ತು. ಮಾಸ್ಟ್ರು ಮಾತ್ರ ಒಂದು ದಿನಕ್ಕೂ ಅಕ್ಕ ಎಂದವರಲ್ಲ. “ಏನ್ರೀ” ಅಷ್ಟೇ.

ವರ್ಷದ ಕೊನೆಗೆ ಅಂಗಡಿ ಮುಚ್ಚುವುದೆಂದು ಇಬ್ಬರೂ ಕೂತು ತೀರ್ಮಾನಿಸಿದ್ದರು. ಅವಳ ಗಂಡ ತೀರಿಕೊಂಡು ಕಾಲವೇ ಆಗಿತ್ತು. ನಾದಿನಿಯ ಮನೆಯ ಮಹಡಿಯಲ್ಲಿ ಅವಳ ವಾಸ. ಮಾಸ್ಟ್ರು ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ದಾಟಿಸಿಕೊಂಡವರು. ತಾಯಿ ಹೋದ ಮೇಲೆ ಅವರಿಗೆ ಈ ಪರದೇಶದ ಹುಚ್ಚು ಹತ್ತಿತು.

“ಜೀವಮಾನವೆಲ್ಲ ಕೋಟು ಹೊಲಿದೆ,” ಎನ್ನುತ್ತಿದ್ದರು. “ಇಲ್ಲಿ ಕೋಟು ಹಾಕೋದು ಮದುವೆ ಫೋಟೋಕ್ಕೆ, ಇಂಟರ್‌ವ್ಯೂಗೆ. ಚಳಿ ಅಂತಲೇ ಕೋಟು ಹಾಕ್ಕೊಳ್ಳೋ ಜನರ ಮಧ್ಯೆ ಉಳಿದ ದಿನ ಕಳೀಬೇಕು ಕಣ್ರೀ. ಇನ್ನೇನೂ ಬೇಡ.”

ಹಾಗಾಗಿ ಗೋಡೆಯ ಮೇಲೆ ಪ್ಯಾಟರ್ನ್ ಕತ್ತರಿಸುವ ಕಂದು ಕಾಗದ ಬಂತು. ಅದರ ಮೇಲೆ ಬೆಟ್ಟದ ದೇಶ, ನದಿ ದೇಶ, ದ್ವೀಪದ ದೇಶ. ಬಾಡಿಗೆ, ಡಾಕ್ಟರು, ಭಾಷೆ, ಹವೆ. ಅಂಕ ಕೊಡುವ ಕೆಲಸ ಅವಳಿಗೇ ಒಪ್ಪಿಸಿದ್ದರು. ನಿಮ್ಮ ಕಣ್ಣು ಸುಳ್ಳು ಹೇಳಲ್ಲ ಎಂದಿದ್ದರು, ಪಾಪ.

ಹೋದ ವರ್ಷ ಹದಿನೈದು ದಿನ ಬೆಟ್ಟದ ದೇಶಕ್ಕೆ ಹೋಗಿ ಮನೆ ನೋಡಿಕೊಂಡು ಬಂದರು ನೋಡಿ, ಅಲ್ಲಿಂದ ಶುರುವಾಯಿತು ಅವಳ ಸಂಕಟ. ಓನರಮ್ಮ ಹಾಗೆ, ಓನರಮ್ಮ ಹೀಗೆ. ಓನರಮ್ಮ ಸೂಪು ಕೊಟ್ಟರು, ಓನರಮ್ಮ ಆ ಭಾಷೆಯ ನಾಲ್ಕು ಮಾತು ಕಲಿಸಿದರು. ಓನರಮ್ಮನ ಮೆಸೇಜ್ ದಿನ ಬಿಟ್ಟು ದಿನ. ಮಾಸ್ಟ್ರಿಗೆ ಫೋನಿನ ಸಣ್ಣಕ್ಷರ ಕಾಣುವುದಿಲ್ಲವಂತೆ. ಹಾಗಾಗಿ ಆ ಹರಕುಮುರುಕು ಇಂಗ್ಲಿಷನ್ನು ಓದಿ ಹೇಳುವುದೂ ಅವಳೇ, ಉತ್ತರ ಟೈಪ್ ಮಾಡುವುದೂ ಅವಳೇ. ಇದಕ್ಕಿಂತ ಕರ್ಮ ಬೇಕಾ?

“ಕಿಟಕಿ ಹತ್ತಿರ ಇಬ್ಬರು ಕೂರೋಷ್ಟು ಜಾಗ ಇದೆಯಾ ಕೇಳಿ,” ಎಂದಿದ್ದರು ಒಮ್ಮೆ.

ಇಬ್ಬರು! ಅವಳು ಹಲ್ಲು ಕಚ್ಚಿಕೊಂಡು ಟೈಪ್ ಮಾಡಿದ್ದಳು. ಆ ಕಡೆಯಿಂದ ಫೋಟೋ ಬಂತು. ಕಿಟಕಿ, ಹೊರಗೆ ಬೆಟ್ಟ, ಕಿಟಕಿಯಾಚೆ ನಿಂತು ನಗುತ್ತಿರುವ ಓನರಮ್ಮ. ನೆರೆತ ಕೂದಲು, ಆದರೂ ಎಂಥ ಮುಖ! ಹಾಳಾದ ಕಿಟಕಿಯ ಹಲಗೆ ಕುತ್ತಿಗೆಯಿಂದ ಕೆಳಗೆಲ್ಲ ಮರೆಮಾಡಿತ್ತು. ಅವಳ ಕಣ್ಣಿಗೆ ಅಳತೆ ಸಿಗದ ಮೊದಲ ಹೆಂಗಸು ಇವಳೇ.

“ಅತ್ತಿಗೆ, ನಿನಗೆ ಹೊಟ್ಟೆಕಿಚ್ಚು,” ಎಂದು ನಾದಿನಿ ಅವತ್ತೇ ಕಂಡುಹಿಡಿದಿದ್ದಳು.

“ನನಗಾ? ಅವರು ಎಲ್ಲಿಗೆ ಹೋದ್ರೆ ನನಗೇನು?”

“ಅದಕ್ಕೇ ಆಗಿನಿಂದ ಒಂದೇ ತಟ್ಟೆ ಒರೆಸ್ತಾ ಇದ್ದೀಯ. ಕೊಡಿಲ್ಲಿ.”

ಇಷ್ಟರವರೆಗೆ ಬರೀ ಅನುಮಾನ. ಈ ಸೋಮವಾರ ಕೈಗೆ ಸಾಕ್ಷಿಯೇ ಸಿಕ್ಕಿತು.

ಮಾಸ್ಟ್ರು ಗುಂಡಿ ತರಲು ಪೇಟೆಗೆ ಹೋಗಿದ್ದರು. ದಾರದ ಉಂಡೆ ಹುಡುಕುತ್ತಾ ಅವಳು ಅವರ ಬೀರು ತೆಗೆದಳು. ಹಳೆಯ ಬೆಡ್‌ಶೀಟಿನಲ್ಲಿ ಏನನ್ನೋ ಸುತ್ತಿಟ್ಟಿತ್ತು. ಬಿಚ್ಚಿದರೆ ಹೆಂಗಸರ ಕೋಟು! ಕಡುಗೆಂಪು ಉಣ್ಣೆ ಬಟ್ಟೆ, ಒಳಗೆ ರೇಷ್ಮೆಯಂಥ ಲೈನಿಂಗ್, ಕಾಲರಿಗೆ ಕೈಹೊಲಿಗೆ. ಕಂಕುಳ ಹತ್ತಿರ ನೋಡಿದಳು. ಕಟಿಂಗ್ ಸೊಟ್ಟ. ಒಂದು ಕಡೆ ಆಳ, ಒಂದು ಕಡೆ ಮೇಲೆ. ಅಂದರೆ ಮಾಸ್ಟ್ರು ತಾವೇ ಕತ್ತರಿ ಹಿಡಿದಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಹಿಡಿಯದ ಕತ್ತರಿಯನ್ನು, ಅವಳ ಕಣ್ಣು ತಪ್ಪಿಸಿ, ಆ ಹೆಂಗಸಿಗಾಗಿ.

ಕೋಟು ಕೊಟ್ಟುಕೊಳ್ಳಲಿ, ಅದನ್ನು ಸಹಿಸಬಹುದಿತ್ತು. ಕಟಿಂಗ್ ತಾನು ಮಾಡಬಾರದೆ? ಅಷ್ಟೂ ಬೇಡವಾದಳೇ ತಾನು? ಕಣ್ಣು ತುಂಬಿ ಬಂತು.

ಜೇಬಿನಲ್ಲಿ ಅಳತೆಯ ಚೀಟಿ ಇತ್ತು, ಮಾಸ್ಟ್ರ ಕೋಳಿಕಾಲಿನ ಅಕ್ಷರ. ಎದೆ ನಲವತ್ತು. ಸೊಂಟ ಮೂವತ್ತೆಂಟು. ಬಲಭುಜ ಅರ್ಧ ಇಂಚು ಕೆಳಗೆ. ಬೆನ್ನು ಮೇಲ್ಭಾಗದಲ್ಲಿ ಸ್ವಲ್ಪ ಗುಂಡಗೆ.

“ಅಬ್ಬಾ, ಮೂವತ್ತೆಂಟು!” ಅವಳಿಗೆ ಅಳುವಿನ ನಡುವೆಯೂ ಸ್ವಲ್ಪ ಖುಷಿಯಾಯಿತು. “ಅದಕ್ಕೇ ಕಿಟಕಿ ಹಿಂದೆ ಅಡಗಿಕೊಂಡಿದ್ದಾಳೆ, ದುಂಡಮ್ಮ. ಭುಜ ಬೇರೆ ಸೊಟ್ಟ. ಬೆನ್ನು ಬೇರೆ ಗೂನು.”

ಆಗಲೇ, ಮೇಜಿನ ಮೇಲೆ ಮಾಸ್ಟ್ರು ಬಿಟ್ಟುಹೋದ ಫೋನು ಟಿಣ್ ಎಂದಿತು. ಓನರಮ್ಮ. “ಮನೆ ಕೇಳಿಕೊಂಡು ಬೇರೆಯವರು ಬಂದಿದ್ದಾರೆ. ನೀವು ಖಂಡಿತ ಬರುತ್ತೀರಾ? ಇವತ್ತೇ ಹೇಳಿ.”

ಅವಳು ಆ ಕೆಂಪು ಕೋಟನ್ನು ನೋಡಿದಳು. ಬೆರಳು ಅವಳ ಮಾತು ಕೇಳಲಿಲ್ಲವೋ, ಅವಳೇ ಬೆರಳಿಗೆ ಹೇಳಿದಳೋ. “ಬರುವುದಿಲ್ಲ. ಮನೆ ಬೇರೆಯವರಿಗೆ ಕೊಡಿ.” ಕಳಿಸಿದಳು.

ಮಾಸ್ಟ್ರು ಗುಂಡಿಯ ಪೊಟ್ಟಣ ಹಿಡಿದು ಒಳಗೆ ಬಂದಾಗ ಕೋಟು ಕಟಿಂಗ್ ಟೇಬಲಿನ ಮೇಲೆ ಕೈಚಾಚಿ ಮಲಗಿತ್ತು. ಅವರ ಮುಖ ಬಿಳುಚಿತು.

“ಅದು... ಇನ್ನೂ ಮುಗಿದಿಲ್ಲ.”

“ಮುಗಿಯೋದೂ ಇಲ್ಲ!” ಅವಳು ಗದರಿದಳು. “ಇದನ್ನ ಕಟಿಂಗ್ ಅಂತಾರಾ? ನನ್ನ ಅಂಗಡಿಯಿಂದ ಇಂಥದ್ದು ಹೊರಗೆ ಹೋದ್ರೆ ನಗ್ತಾರೆ ಜನ. ಹಾಕ್ಕೊಂಡ ಕೂಡಲೇ ಭುಜ ಎದ್ದು ನಿಲ್ಲುತ್ತೆ, ಬೆನ್ನು ಸುಕ್ಕಾಗುತ್ತೆ. ನೋಡ್ತೀರಾ? ತೋರಿಸ್ತೀನಿ, ನೋಡಿ!”

ಸರಕ್ಕನೆ ಕೋಟಿಗೆ ಕೈ ತೂರಿಸಿದಳು. ಗುಂಡಿಯಿಲ್ಲದ ಮುಂಭಾಗವನ್ನು ಎರಡೂ ಕೈಯಲ್ಲಿ ಎಳೆದು ಹಿಡಿದು ಕನ್ನಡಿಯ ಮುಂದೆ ನಿಂತಳು.

ಭುಜ ಎದ್ದು ನಿಲ್ಲಲಿಲ್ಲ. ಬೆನ್ನು ಸುಕ್ಕಾಗಲಿಲ್ಲ. ಕಂಕುಳಲ್ಲಿ ಸ್ವಲ್ಪ ಬಿಗಿ, ಅಷ್ಟೇ. ಉಳಿದಂತೆ ಕೋಟು ಅವಳ ಮೈಮೇಲೆ ಹದವಾಗಿ ಕೂತಿತ್ತು. ಕನ್ನಡಿಯಲ್ಲಿ ಬಲಭುಜ ಅರ್ಧ ಇಂಚು ಕೆಳಗಿರುವ ಹೆಂಗಸೊಬ್ಬಳು ಅವಳನ್ನೇ ನೋಡುತ್ತಿದ್ದಳು.

ಊರವರ ಮೈಯೆಲ್ಲ ಅಳೆದವಳು ತನಗೆಂದು ಟೇಪ್ ಹಿಡಿದು ಯಾವ ಕಾಲವಾಗಿತ್ತೋ. ಸಡಿಲ ಬಟ್ಟೆ ಹಾಕಿಕೊಂಡು, ಈಗಲೂ ತನ್ನ ಸೊಂಟ ಮೂವತ್ತೆರಡೇ ಎಂದು ನಂಬಿಕೊಂಡಿದ್ದಳು.

“ಮೂವತ್ತೆಂಟಾ?” ಎಂದಳು ಸಣ್ಣ ದನಿಯಲ್ಲಿ.

“ಮೂವತ್ತೇಳೂವರೆ,” ಎಂದರು ಮಾಸ್ಟ್ರು ಗಾಬರಿಯಿಂದ. “ಚಳಿಗೆ ಒಳಗೆ ಸ್ವೆಟರ್ ಹಾಕ್ಕೋತೀರಲ್ಲ ಅಂತ ಅರ್ಧ ಜಾಸ್ತಿ ಇಟ್ಟೆ.”

“ಯಾವಾಗ ಅಳತೆ ತಗೊಂಡ್ರಿ?”

“ತಗೊಂಡಿಲ್ಲ. ನೀವು ಊರವರನ್ನೆಲ್ಲ ನೋಡ್ತಿದ್ರಿ. ನಾನು ನೋಡ್ತಿದ್ದಿದ್ದು ಒಬ್ಬರನ್ನೇ.” ಅವರು ಪೊಟ್ಟಣವನ್ನು ಮೆಲ್ಲಗೆ ಟೇಬಲಿನ ಮೇಲಿಟ್ಟರು. “ನಿಮ್ಮ ಕೈಲೇ ಕಟ್ ಮಾಡಿಸೋಣ ಅಂದ್ರೆ ಯಾರಿಗೆ ಅಂತ ಕೇಳ್ತೀರಿ. ಏನು ಹೇಳ್ಲಿ? ಕೋಟು ಕೊಟ್ಟು, ಚಳಿ ದೇಶಕ್ಕೆ ಬರ್ತೀರಾ ಅಂತ ಕೇಳೋಣ ಅಂತಿದ್ದೆ. ನೀವು ನೋಡಿದ್ರೆ ಎರಡು ಅಂಕ ಕೊಡ್ತೀರಿ.”

ಅವಳಿಗೆ ಆ ಮೆಸೇಜು ನೆನಪಾಯಿತು. ಕಿಟಕಿ ಹತ್ತಿರ ಇಬ್ಬರು. ತನ್ನ ಬೆರಳಲ್ಲೇ ಟೈಪ್ ಮಾಡಿದ ಇಬ್ಬರು.

“ಮಾಸ್ಟ್ರೇ, ನಾನು ಹಾಳು ಮಾಡಿಬಿಟ್ಟೆ,” ಎಂದಳು. ಎಲ್ಲವನ್ನೂ ಹೇಳಿದಳು. ದುಂಡಮ್ಮ ಎಂದು ಬೈದದ್ದನ್ನೂ ಬಿಡಲಿಲ್ಲ. “ಹೊಟ್ಟೆ ಉರಿದುಹೋಯ್ತು. ಅವಳ ಮುಖ ನೋಡಿದ್ರೆ ಉರಿ, ಅವಳ ಸೂಪಿನ ಹೆಸರು ಕೇಳಿದ್ರೆ ಉರಿ. ನೀವು ಹೋಗಿಬಿಟ್ರೆ ನಾನು ಯಾರಿಗೆ ಕಟ್ ಮಾಡ್ಲಿ, ಯಾರ ಜೊತೆ ಜಗಳ ಆಡ್ಲಿ?”

ಮಾಸ್ಟ್ರು ಮೆಷಿನ್ ಮುಂದಿನ ಸ್ಟೂಲಿನ ಮೇಲೆ ಕೂತರು. “ಆ ಕಿಟಕಿ ಕೆಳಗೆ ನಿಮ್ಮ ಟೇಬಲ್ ಹಿಡಿಸುತ್ತಾ ಅಂತ ಗೇಣು ಹಾಕಿ ನೋಡಿ ಬಂದಿದ್ದೆ,” ಎಂದರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವಳು ಕೋಟು ಬಿಚ್ಚಲಿಲ್ಲ. ಫೋನ್ ಎತ್ತಿಕೊಂಡಳು. “ತಪ್ಪಾಗಿ ಕಳಿಸಿದ್ದು. ಕ್ಷಮಿಸಿ. ಮನೆ ಬೇಕು. ಇಬ್ಬರು ಬರುತ್ತೇವೆ,” ಎಂದು ಬರೆದಳು.

ಆ ಕಡೆಯಿಂದ ಕೂಡಲೇ ಪ್ರಶ್ನೆ ಬಂತು. “ಇಬ್ಬರಾ? ನೀವು ಒಂಟಿ ಅಂದುಕೊಂಡಿದ್ದೆ. ಎರಡನೆಯವರು ಯಾರು?”

ಅವಳು ಒಮ್ಮೆ ಮಾಸ್ಟ್ರ ಬಗ್ಗಿದ ತಲೆಯನ್ನು ನೋಡಿದಳು. ಅವರನ್ನು ಕೇಳಲಿಲ್ಲ. ಕೇಳಿದರೆ ಅವರು ಇನ್ನೂ ಇಪ್ಪತ್ತೆರಡು ವರ್ಷ ತೆಗೆದುಕೊಳ್ಳುತ್ತಾರೆ. ಒಂದೇ ಪದ ಟೈಪ್ ಮಾಡಿದಳು: ವೈಫ್. ಕಳಿಸಿದಳು. ಕಿವಿಯವರೆಗೆ ಬಿಸಿಯಾಯಿತು.

ಉತ್ತರ ಬರಲು ತುಸು ಹೊತ್ತು ಹಿಡಿಯಿತು. ಓದಿದ ಅವಳ ಮುಖ ಬಾಡಿತು.

“ಏನಂತೆ?” ಮಾಸ್ಟ್ರು ಕೇಳಿದರು.

ಅವಳು ಫೋನನ್ನೇ ಅವರ ಮುಂದೆ ಹಿಡಿದಳು. ಆಮೇಲೆ ನೆನಪಾಯಿತು, ಅವರಿಗೆ ಸಣ್ಣಕ್ಷರ ಕಾಣುವುದಿಲ್ಲವಲ್ಲ! ಮಾಸ್ಟ್ರು ಫೋನ್ ತೆಗೆದುಕೊಂಡು, ಕನ್ನಡಕವೂ ಇಲ್ಲದೆ, ಸರಾಗವಾಗಿ ಓದತೊಡಗಿದರು.

“ಕಳ್ಳ! ಕಾಣುತ್ತಾ ನಿಮಗೆ?”

“ಸೂಜಿಗೆ ದಾರ ಪೋಣಿಸೋನು ಕಣ್ರೀ ನಾನು. ನೀವು ಓದಿ ಹೇಳಿದ್ರೆ ಚೆನ್ನಾಗಿರ್ತಿತ್ತು, ಅದಕ್ಕೆ.”

ಅವರ ಕಣ್ಣು ಫೋನಿನಿಂದ ಏಳಲೇ ಇಲ್ಲ. ಮೀಸೆ ನಡುಗುತ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ, ಅಳುವೇ ಬಂತು.

“ನನ್ನಿಂದಲೇ ಆಯ್ತು, ಮಾಸ್ಟ್ರೇ. ಮನೆ ಅವರಿಗೇ ಕೊಟ್ಟುಬಿಟ್ಟೆ ಅಂತ ಬರೆದಿದ್ದಾರಲ್ಲ. ನೋಡಿದ್ರಾ?”

“ಇನ್ನೂ ಅಲ್ಲಿಗೆ ಬಂದಿಲ್ಲ ಕಣೇ,” ಎಂದರು ಮಾಸ್ಟ್ರು. “ನಾನಿನ್ನೂ ಅದರ ಮೇಲೆ ನೀನು ಬರೆದ ಒಂದು ಪದದ ಸಾಲಲ್ಲೇ ಇದ್ದೀನಿ.”