ಆರು ಅಂದರೆ ಏಳು

"ಅಪ್ಪಾ, ಇನ್ನೂ ಯಾರೂ ಬಂದಿಲ್ಲ!"

ಇಂಚರಾ ಹತ್ತನೇ ಸಲ ಹಿಂದೆ ತಿರುಗಿ ನೋಡಿದಳು. ಸಿಟಿ ಕೌನ್ಸಿಲ್ ಹಾಲಿನ ಬಾಗಿಲು ಮುಚ್ಚಿಯೇ ಇತ್ತು. ಹಿಂದೆ ಐದು ಸಾಲು ಕುರ್ಚಿ, ಎಲ್ಲಾ ಖಾಲಿ. ಗೋಡೆಯ ಗಡಿಯಾರದಲ್ಲಿ ಆರು ಗಂಟೆ ಹನ್ನೆರಡು ನಿಮಿಷ.

"ಬರ್ತಾರ ಬಿಡವಾ. ಫ್ರೀವೇದಾಗ ಟ್ರಾಫಿಕ್ ಇರ್ತದ," ಎಂದರು ಅಪ್ಪ. ಅವರ ಹೆಸರು ಸಿದ್ಧಾರೂಢ. ಹುಬ್ಬಳ್ಳಿಯವರು, ಪರದೇಶದ ಈ ಊರಿನ ಕನ್ನಡ ಕೂಟದ ಸೆಕ್ರೆಟರಿ. ಬಾಯಲ್ಲಿ ಹಾಗಂದರೂ ಕೈ ಮಾತ್ರ ಫೋನನ್ನು ಬಿಟ್ಟಿರಲಿಲ್ಲ.

ಮುಂದಿನ ಸಾಲಿನಲ್ಲಿ ಮಿಸ್ಟರ್ ಡೆನ್ನಿಸ್ ಕೂತಿದ್ದರು. ಬಿಳಿ ಕೂದಲು, ಇಸ್ತ್ರಿ ಮಾಡಿದ ಕೋಟು. ಅವರು ಆಲ್ಡರ್‌ಮೂರ್ ಹೋಟೆಲಿನ ಮ್ಯಾನೇಜರ್. ನೂರು ವರ್ಷ ದಾಟಿದ ಆ ದೊಡ್ಡ ಹೋಟೆಲನ್ನು ಕೆಡವಿ ಅಪಾರ್ಟ್‌ಮೆಂಟು ಕಟ್ಟಲು ಒಂದು ಕಂಪನಿ ಅರ್ಜಿ ಹಾಕಿತ್ತು. ಅನುಮತಿ ಕೊಡಬೇಕೋ ಬೇಡವೋ ಅಂತ ಇವತ್ತೇ ಕೌನ್ಸಿಲಿನವರ ವೋಟು. ಜನ ಬಂದು ಬೇಡ ಅಂದರೆ ಹೋಟೆಲು ಉಳಿದರೂ ಉಳಿಯಬಹುದಿತ್ತು.

ಕೂಟದ ಯುಗಾದಿ, ರಾಜ್ಯೋತ್ಸವ ಎಲ್ಲ ನಡೆಯುತ್ತಿದ್ದುದು ಆ ಹೋಟೆಲಿನ ಬಾಲ್‌ರೂಮಿನಲ್ಲೇ. ಮೂರು ವರ್ಷದವಳಿದ್ದಾಗ ಇಂಚರಾ ಮೊದಲ ಸಲ ಸ್ಟೇಜ್ ಹತ್ತಿ, ಡ್ಯಾನ್ಸ್ ಮರೆತು, ಹೋ ಅಂತ ಅತ್ತಿದ್ದೂ ಅಲ್ಲೇ. ಬೇರೆ ಹಾಲಿನವರು ದೀಪ ಹಚ್ಚೋಕೆ ಬಿಡುತ್ತಿರಲಿಲ್ಲ. ಬೆಂಕಿ ಅಂದರೆ ಅವರಿಗೆ ಭಯ. ಮಿಸ್ಟರ್ ಡೆನ್ನಿಸ್ ಬಿಡುತ್ತಿದ್ದರು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದುಕೊಂಡು ದೀಪದ ಪಕ್ಕ ತಾವೇ ನಿಲ್ಲುತ್ತಿದ್ದರು. ಅದೂ ಎಲ್ಲರ ಹಾಗೆ ಶೂ ಬಿಚ್ಚಿ, ಬರೀ ಸಾಕ್ಸ್‌ನಲ್ಲಿ! ಫಂಕ್ಷನ್ ಮುಗಿಯುವವರೆಗೂ ನಿಂತೇ ಇರುತ್ತಿದ್ದರು, ಪಾಪ.

ಹಾಗಾದರೆ ಕೂಟದವರೆಲ್ಲ ಇವತ್ತು ಎಲ್ಲಿ ಹೋದರು?

ಅದಕ್ಕೆ ನಮ್ಮವರ ಟೈಮಿನ ಕಥೆ ಹೇಳಲೇಬೇಕು. ನಮ್ಮವರ ಗಡಿಯಾರವೇ ಬೇರೆ ಕಣ್ರೀ! ಆರಕ್ಕೆ ಫಂಕ್ಷನ್ ಅಂದರೆ ಮನೆಯಿಂದ ಹೊರಡೋದೇ ಆರಕ್ಕೆ. ಅದಕ್ಕೇ ಕೂಟದ ಕಾರ್ಡಿನಲ್ಲಿ ಯಾವಾಗಲೂ ಒಂದು ಗಂಟೆ ಮೊದಲೇ ಹಾಕುವುದು ಪದ್ಧತಿ. ಆರಕ್ಕೆ ಶುರುವಾಗುವುದಿದ್ದರೆ ಐದು ಅಂತ ಬರೆಯುತ್ತಾರೆ. ಓದುವವರೂ ಜಾಣರೇ. ಐದು ಅಂದರೆ ಆರು ಅಂತ ಲೆಕ್ಕ ಹಾಕಿ ಆರಾಮಾಗಿ ಬರುತ್ತಾರೆ. ಇಷ್ಟು ವರ್ಷ ಯಾರಿಗೂ ತೊಂದರೆ ಆಗಿರಲಿಲ್ಲ.

ಹೋದ ವಾರ ಇಂಚರಾ ಐಪ್ಯಾಡಿನಲ್ಲಿ ಈ ಮೀಟಿಂಗಿನ ಪೋಸ್ಟರ್ ಮಾಡುತ್ತಿದ್ದಳು. "ಮೀಟಿಂಗು ಆರಕ್ಕ ಅದ. ನೀ ಐದಕ್ಕ ಅಂತ ಹಾಕು," ಎಂದಿದ್ದರು ಅಪ್ಪ.

"ಬಟ್ ಅಪ್ಪಾ, ದಟ್ಸ್ ಎ ಲೈ!"

"ಲೈ ಅಲ್ಲವಾ, ಅದು ನಮ್ಮ ಪದ್ಧತಿ," ಎಂದು ನಗುತ್ತಾ ಅಪ್ಪ ಆಫೀಸಿನ ಕಾಲ್‌ಗೆ ಎದ್ದು ಹೋದರು. ಸಿಟಿ ಕೌನ್ಸಿಲ್ ವಿಷಯದಲ್ಲಿ ಸುಳ್ಳು ಬರೆಯೋದಾ? ಛೆ! ಇಂಚರಾ ಆರು ಗಂಟೆ ಅಂತಲೇ ದೊಡ್ಡದಾಗಿ ಬರೆದಳು. ಅಪ್ಪ ತೆರೆದೂ ನೋಡದೆ ವಾಟ್ಸ್ಯಾಪ್ ಗ್ರೂಪಿಗೆ ಹಾಕಿಬಿಟ್ಟರು.

ಈಗ ಖಾಲಿ ಕುರ್ಚಿಗಳನ್ನು ನೋಡುತ್ತಾ ನೋಡುತ್ತಾ ಇಂಚರಾಗೆ ಎಲ್ಲಾ ಹೊಳೆಯಿತು. ಅಪ್ಪನ ತೋಳು ಹಿಡಿದು ಎಳೆದಳು.

"ಅಪ್ಪಾ... ನಾನು ಪೋಸ್ಟರ್‌ನಲ್ಲಿ ಸಿಕ್ಸ್ ಅಂತ ಹಾಕಿದೆ."

ಅಪ್ಪ ಫೋನಿನಲ್ಲಿ ಪೋಸ್ಟರ್ ತೆಗೆದು ನೋಡಿದರು. ಮುಖ ಸಣ್ಣದಾಯಿತು.

"ಅಯ್ಯೋ ಶಿವನೇ. ಎಲ್ಲಾರೂ ಏಳಕ್ಕ ಬರ್ತಾರ."

ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅಷ್ಟರಲ್ಲಿ ಮೈಕಿನಲ್ಲಿ ಇಂಚರಾಳ ಹೆಸರು ಕರೆದರು. ಮಾತಾಡಲು ಎರಡು ನಿಮಿಷ. ಎದ್ದು ಮೈಕಿನ ಹತ್ತಿರ ಹೋದಳು. ಬರೆದು ತಂದ ಇಂಗ್ಲಿಷ್ ಭಾಷಣವನ್ನು ಓದಿದಳು. ನಾವು ನಲವತ್ತು ಫ್ಯಾಮಿಲಿ ಇದ್ದೇವೆ, ಮಿಲ್ಪಿಟಾಸ್, ಲಾಸ್ ಆಲ್ಟೋಸ್‌ನಂಥ ಸುತ್ತಲಿನ ಊರುಗಳಿಂದ ಎಲ್ಲ ಈ ಹೋಟೆಲಿಗೆ ಬರುತ್ತೇವೆ, ಇದು ಹೋದರೆ ನಮಗೆ ಬೇರೆ ಜಾಗ ಇಲ್ಲ, ಪ್ಲೀಸ್ ಕೆಡವಬೇಡಿ ಅಂದಳು.

ನಡುವಿನ ಕುರ್ಚಿಯಲ್ಲಿದ್ದ ಕೌನ್ಸಿಲ್ ಮೆಂಬರ್ ಕನ್ನಡಕ ಸರಿಮಾಡಿಕೊಂಡರು. "ತುಂಬಾ ಚೆನ್ನಾಗಿ ಮಾತಾಡಿದೆ ಮಗು. ನಿಮ್ಮ ನಲವತ್ತು ಫ್ಯಾಮಿಲಿಯವರು ಬಂದಿದ್ದಾರಾ? ಒಂದು ಸಲ ಎದ್ದು ನಿಲ್ಲಲಿ, ನೋಡೋಣ."

ಅಪ್ಪ ಒಬ್ಬರೇ ಎದ್ದು ನಿಂತರು. ಅವರ ಹಿಂದೆ ಬರೀ ಕುರ್ಚಿ.

"ದೇ ಆರ್ ಕಮಿಂಗ್," ಎಂದಳು ಇಂಚರಾ. ಧ್ವನಿ ಅವಳಿಗೇ ಕೇಳಿಸಲಿಲ್ಲ.

ಏಳರವರೆಗೆ ಕಾಯಿರಿ ಅಂತ ಅಪ್ಪ ಕೈಮುಗಿದು ಕೇಳಿದರು. ರೂಲ್ಸ್‌ನಲ್ಲಿ ಇಲ್ಲ, ಸಾರಿ ಅಂದರು ಕೌನ್ಸಿಲಿನವರು. ಆರೂ ಮುಕ್ಕಾಲಿಗೆ ವೋಟು ನಡೆಯಿತು. ಕೆಡವಬಹುದು ಅಂತ ಮೂರು, ಬೇಡ ಅಂತ ಎರಡು. ಕನ್ನಡಕದವರು ಕೆಡವಬಹುದು ಅಂತ ಕೈ ಎತ್ತಿದರು.

ಒಂದೇ ಒಂದು ಕೈಯಿಂದ ಸೋತಿದ್ದರು. ಇಂಚರಾ ಅಪ್ಪನ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನಾನೂ ನೋಡದ ಕಳಿಸಿದೆನಲ್ಲವಾ," ಎಂದರು ಅಪ್ಪ. ಅವಳ ತಲೆ ಸವರಿದರು.

ಹೊರಗೆ ಬರುವ ಹೊತ್ತಿಗೆ ಸರಿಯಾಗಿ ಏಳು. ಪಾರ್ಕಿಂಗ್ ಲಾಟಿನಲ್ಲಿ ಒಂದರ ಹಿಂದೆ ಒಂದು ಕಾರು! ರೇಷ್ಮೆ ಸೀರೆ, ಜುಬ್ಬಾ, ಕೈಯಲ್ಲಿ ಬರೆದ ಬೋರ್ಡುಗಳು. ಅಷ್ಟು ಜನ ಯುಗಾದಿಗೂ ಬಂದಿರಲಿಲ್ಲ. ಮೈಸೂರಿನ ರಮಾ ಆಂಟಿ ಎಲ್ಲರಿಗಿಂತ ಮುಂದೆ, ಸೆರಗು ಸಿಕ್ಕಿಸಿಕೊಂಡು ಓಡೋಡಿ ಬಂದರು.

"ಶುರು ಆಗೋಯ್ತೇನೇ ಪುಟ್ಟಿ?"

"ಮುಗಿದೋಯ್ತು ಆಂಟಿ."

"ಮುಗಿದೋಯ್ತಾ! ಆರು ಅಂದ್ರೆ ಏಳು ತಾನೇ?"

ಅಪ್ಪ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಆಂಟಿಯ ಕೈ ಹಾಗೇ ಬಾಯಿಗೆ ಹೋಯಿತು. ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು.

ಮಿಸ್ಟರ್ ಡೆನ್ನಿಸ್ ಹೊರಗೆ ಬಂದು ಅಷ್ಟೂ ಜನರನ್ನು ನೋಡಿ ನಿಂತುಬಿಟ್ಟರು. "ನೀವೆಲ್ಲ ಬಂದಿರಾ," ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿ ಸಂತೋಷವೇ ಇತ್ತು. ಒಬ್ಬೊಬ್ಬರ ಕೈಯನ್ನೂ ಕುಲುಕಿದರು. ಕೊನೆಗೆ ಇಂಚರಾಳ ಹತ್ತಿರ ಬಂದರು.

ಸಾರಿ ಹೇಳಬೇಕು ಅಂತ ಅವಳು ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದಳು. ಬಾಯಿಗೆ ಬಂದದ್ದು ಬೇರೆಯೇ.

"ಮಿಸ್ಟರ್ ಡೆನ್ನಿಸ್, ನಮ್ಮ ಫಂಕ್ಷನ್‌ಗೆ ನೀವು ಎಷ್ಟು ಗಂಟೆಗೆ ಬರ್ತಿದ್ರಿ?"

"ಐದಕ್ಕೆ," ಎಂದರು ಅವರು. "ನಿಮ್ಮ ಕಾರ್ಡಿನಲ್ಲಿ ಐದು ಅಂತಲೇ ಇರುತ್ತಿತ್ತಲ್ಲ?"

"ಎವ್ರಿ ಇಯರ್?"

"ಪ್ರತಿ ವರ್ಷ. ಲೈಟೆಲ್ಲ ಹಾಕಿ ಬಾಗಿಲು ತೆಗೆದಿಟ್ಟಿರುತ್ತಿದ್ದೆ. ಆರಾಗುವಷ್ಟರಲ್ಲಿ ನೀವೆಲ್ಲ ಬರುತ್ತಿದ್ದಿರಿ."

ಇಂಚರಾ ಅವರ ಮುಖವನ್ನೇ ನೋಡಿದಳು. ಇಷ್ಟು ವರ್ಷ ಹೀಗೆ ಒಂದು ಗಂಟೆ ಒಬ್ಬರೇ ಕಾದದ್ದನ್ನು ಅವರು ಒಂದು ದಿನವೂ ಯಾರಿಗೂ ಹೇಳಿರಲಿಲ್ಲ.

ಅವರು ಗುಡ್ ನೈಟ್ ಹೇಳಿ ತಮ್ಮ ಕಾರಿನ ಕಡೆ ನಿಧಾನವಾಗಿ ನಡೆದರು. ಜೇಬಿನಲ್ಲಿ ಬೀಗದ ಕೈಗಾಗಿ ತುಂಬಾ ಹೊತ್ತು ತಡಕಾಡಿದರು.

"ಇಂಚರಾ, ಬಾರವಾ, ಹೋಗೋಣು," ಎಂದು ಅಪ್ಪ ಕರೆದರು.

"ಒಂದ್ನಿಮಿಷ ಅಪ್ಪಾ."

ಮಿಸ್ಟರ್ ಡೆನ್ನಿಸ್ ಕಾರು ರಸ್ತೆಗೆ ಇಳಿದು, ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು.