ತಳ ಹಿಡಿದ ಅನ್ನ

ವೋರೊ ಚಮಚದಿಂದ ಬಾಣಲೆಯ ತಳವನ್ನು ಕರಕರ ಕೆರೆದ. ಸೀದ ಅನ್ನದ ಒಂದು ಕಂದು ಚಕ್ಕೆ ಎದ್ದು ಬಂತು. ಅದನ್ನು ಎಲ್ಲರೆದುರೇ ಲಿಗಾಯಾಳ ಪಾಲಿನ ಮೇಲಿಟ್ಟ.

"ತಗೋ. ಇದು ನಿನಗೆ."

ಒಂದೇ ಬಾಣಲೆಯ ಸುತ್ತ ಕೂತು, ಆ ಊರಿನ ಅನ್ನದಡುಗೆ ಪಾಯೆಯಾ ತಿನ್ನುತ್ತಿದ್ದ ಗೆಳೆಯರು ಓಹೋ ಎಂದು ನಕ್ಕರು.

ಲಿಗಾಯಾಳ ಕಿವಿ ಬಿಸಿಯಾಯಿತು. ಫಿಲಿಪೀನ್ಸಿನಿಂದ ಸ್ಪೇನಿನ ವಲೆನ್ಸಿಯಾಗೆ ಬಂದು ಮೂರೇ ವಾರ. ವಿಸೆಂತೇತಾ ಎಂಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಕಿತ್ತಳೆ ತೋಟದ ವೋರೊ ಪಕ್ಕದ ಮನೆಯವನು. ಭಾನುವಾರದ ಊಟಕ್ಕೆ ಅವನು ಕರೆದಾಗ, ಇದ್ದುದರಲ್ಲಿ ಒಳ್ಳೆಯ ಲಂಗ ಹುಡುಕಿ ಉಟ್ಟು ಬಂದಿದ್ದಳು.

ಅವಳ ಊರಿನ ಮನೆಯಲ್ಲಿ ತಳ ಹಿಡಿದ ಅನ್ನವನ್ನು ಕೆರೆದು ನಾಯಿಗೆ ಹಾಕುತ್ತಿದ್ದರು.

'ಮನೆಗೆಲಸದವಳಿಗೆ ಇಷ್ಟು ಸಾಕು ಅಂತಲ್ವಾ...'

"ನನಗೆ ಹಸಿವಿಲ್ಲ," ಎಂದು ಎದ್ದುಬಿಟ್ಟಳು. ನಗು ನಿಂತಿತು. ವೋರೊನ ಮುಖ ಬಿಳಿಚಿಕೊಂಡಿತು. ಅದನ್ನು ನೋಡಲು ಅವಳು ತಿರುಗಲಿಲ್ಲ.

ಮರುದಿನದಿಂದಲೇ ಸೇಡು.

ಅವನು ಚೀಲ ತುಂಬ ಕಿತ್ತಳೆ ತಂದರೆ, ಅವನ ಕಣ್ಣೆದುರೇ ಅಂಚೆಯವನಿಗೆ ಕೊಟ್ಟಳು. ಅವನು ಕಾಫಿಗೆ ಬಂದರೆ, ಅರ್ಧ ಲೋಟ ಬಿಟ್ಟು ಎದ್ದುಹೋದಳು. ಉಳಿದ ಊರನ್ನೆಲ್ಲ ಬಾಚಿ ಅಪ್ಪಿಕೊಂಡಳು. ಹತ್ತು ಗಂಟೆಗೆ ಟೊಮೇಟೊ ಉಜ್ಜಿದ ಬ್ರೆಡ್ಡು, ಮೀನಿನವಳ ಜೊತೆ ಪೋಲಿ ಹರಟೆ, ಸಂಜೆ ಬೀದಿಯ ಬೆಂಚಿನಲ್ಲಿ ಗೆಳತಿಯರ ಸಾಲು. ಪಾಯೆಯಾ ಮಾತ್ರ ಮುಟ್ಟಲಿಲ್ಲ.

ಒಮ್ಮೆ ಅವನು ಮೆಟ್ಟಿಲಲ್ಲಿ ತಡೆದ.

"ಬೇಡ ಅಂದ್ರೆ ಬೇಡ ಅನ್ನಬಹುದಿತ್ತು. ಎಲ್ಲರ ಮುಂದೆ ಎದ್ದು ಹೋಗ್ಬೇಕಿತ್ತಾ?"

'ಎಲ್ಲರ ಮುಂದೆ ಕೊಟ್ಟವನು ನೀನು. ಎಲ್ಲರ ಮುಂದೆಯೇ ವಾಪಸ್ ಕೊಡ್ತೀನಿ.'

ಮಾರ್ಚ್ ತಿಂಗಳ ಊರಹಬ್ಬ ಬಂತು. ಮನೆಗೊಂದು ಒಲೆ, ಬೀದಿಯಲ್ಲೇ ಅಡುಗೆ. ವಿಸೆಂತೇತಾ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಟ್ಟಂತೆ ಲಿಗಾಯಾ ಬೇಯಿಸಿದಳು. ಕೊನೆಗೆ, ಅನ್ನ ಬೆಂದ ಮೇಲೆ, ಬೇಕೆಂದೇ ಇನ್ನೆರಡು ಕಿತ್ತಳೆ ಕೊಂಬೆ ಒಲೆಗೆ ತುರುಕಿದಳು. ತಳ ಚಟಚಟ ಎಂದಿತು.

"ತಳ ಹಿಡೀತಾ ಇದೆ, ನನ್ನ ರಾಣಿ."

"ಹಿಡೀಲಿ, ಅಮ್ಮಾವ್ರೇ."

"ಯಾರಿಗೇ ಅದು?"

"ವೋರೊಗೆ."

ಮುದುಕಿ ಬಾಯಿಗೆ ಬೀಸಣಿಗೆ ಅಡ್ಡ ಹಿಡಿದಳು.

ಅವತ್ತಿನ ಗೆಳೆಯರೇ ಸುತ್ತ ಕೂತರು. ಲಿಗಾಯಾ ತಳ ಕೆರೆದು, ಅಂಗೈಯಗಲದ ಚಕ್ಕೆ ಎಬ್ಬಿಸಿ, ವೋರೊನ ಪಾಲಿನ ಮೇಲೆ ಒಗೆದಳು.

"ತಗೋ. ಇದು ನಿನಗೆ."

ಅವನ ಮುಖ ಸುಡುವುದನ್ನು ನೋಡಬೇಕಿತ್ತು ಅವಳಿಗೆ. ಐದು ತಿಂಗಳು ಕಾದದ್ದು ಅದಕ್ಕೇ.

ವೋರೊನ ಕಣ್ಣು ತುಂಬಿ ಬಂತು. ಯಾರೋ ಚಪ್ಪಾಳೆ ತಟ್ಟಿದರು, ಬೀದಿಯೆಲ್ಲ ತಟ್ಟಿತು.

"ಯಾಕೆ ಇವರೆಲ್ಲ..." ಲಿಗಾಯಾ ತೊದಲಿದಳು.

"ಬಾಣಲೆಯಲ್ಲಿ ಅದರಷ್ಟು ರುಚಿಯಾದ್ದು ಇನ್ನೊಂದಿಲ್ಲ ಕಣೇ," ಎಂದಳು ವಿಸೆಂತೇತಾ. "ಅದಕ್ಕೇ ಅಣ್ಣತಮ್ಮಂದಿರು ಹೊಡೆದಾಡ್ತಾರೆ. ನನ್ನ ಗಂಡನಿಗೆ ನಾನು ಬಿಟ್ಟುಕೊಟ್ಟಿದ್ದು ಒಂದೇ ಸಲ. ಅದೂ ಮದುವೆಗೆ ಮುಂಚೆ."

ಲಿಗಾಯಾಳ ಕೈಯಿಂದ ಚಮಚ ಜಾರಿತು. ನಿಧಾನವಾಗಿ ಅವನ ಪಕ್ಕ ಕೂತಳು.

"ನಮ್ಮ ಮನೇಲಿ ಇದನ್ನ ನಾಯಿಗೆ ಹಾಕ್ತಾರೆ," ಎಂದಳು, ಅವನಿಗಷ್ಟೇ ಕೇಳುವಂತೆ.

ವೋರೊ ಚಕ್ಕೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಹಾಗಾದ್ರೆ ಅವತ್ತು ನೀನು..."

"ಹೂಂ."

"ಮತ್ತೆ ಇವತ್ತು ಹಾಕಿದ್ದು?"

"ನಾಯಿಗೇ."

ಅವನು ನಕ್ಕುಬಿಟ್ಟ. ಕಣ್ಣೊರೆಸಿಕೊಂಡು ಚಕ್ಕೆಯನ್ನು ಬಾಯಿಯ ಹತ್ತಿರ ಒಯ್ದ. ಅಷ್ಟು ದಿನ ಸಾಕಿದ ಸಿಟ್ಟನ್ನು ಎಲ್ಲಿಡುವುದೆಂದು ಲಿಗಾಯಾಗೆ ತಿಳಿಯಲಿಲ್ಲ. ಅವನ ಮಣಿಕಟ್ಟು ಹಿಡಿದಳು.

"ಪೂರ್ತಿ ತಿನ್ಬೇಡ."

"ಯಾಕೆ?"

"ಅರ್ಧ ನನಗೆ ಬಿಡು."